ಹಳೆಯ ಸಮಾಧಿಕಲ್ಲುಗಳಿಂದ ವಂಶಾವಳಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಾಧಿಕಲ್ಲಿನ ಮುಂದೆ ನಿಂತವರು ಸಾಮಾನ್ಯವಾಗಿ ಒಂದು ಹೆಸರು, ಎರಡು ಇಸವಿ ಬರೆದುಕೊಂಡು ಹೊರಟುಬಿಡುತ್ತಾರೆ. ಕಲ್ಲಿನ ಜಾತಿ, ಅಕ್ಷರದ ಬಗೆ, ಹಿಂಬದಿ, ಪಕ್ಕದ ಗೋರಿ ಇವೆಲ್ಲವೂ ಮನೆತನದ ಕಥೆಯನ್ನು ಹೇಳುತ್ತವೆ, ಕೆಲವೊಮ್ಮೆ ಹೆಸರಿಗಿಂತ ಹೆಚ್ಚಾಗಿಯೇ. ವಂಶವೃಕ್ಷ ಕಟ್ಟಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮತ್ತು ಅವುಗಳಿಗೆ ಉತ್ತರಗಳು ಇಲ್ಲಿವೆ.

ಕಲ್ಲಿನಲ್ಲಿ ಕೆತ್ತಿದ್ದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸಾವಿನ ದಿನಾಂಕವನ್ನು ಬಹುಮಟ್ಟಿಗೆ ನಂಬಬಹುದು. ಹುಟ್ಟಿದ ದಿನಾಂಕ ಮತ್ತು ವಯಸ್ಸನ್ನು ಬೇರೆ ದಾಖಲೆ ಸಿಗುವವರೆಗೆ ಅಂದಾಜು ಎಂದೇ ಇಟ್ಟುಕೊಳ್ಳಿ. ಕಾರಣ ಸರಳ: ಕಲ್ಲಿನ ಮೇಲಿರುವ ಮಾತು ಸತ್ತವರದ್ದಲ್ಲ, ಉಳಿದವರದ್ದು. ಎಂಬತ್ತು ವರ್ಷದ ತಾಯಿ ಹುಟ್ಟಿದಾಗ ಆಕೆಯ ಮಗ ಅಲ್ಲಿರಲಿಲ್ಲ. ಆಕೆ ಹೇಳಿದ್ದನ್ನೋ ಮನೆಯಲ್ಲಿ ಕೇಳಿದ್ದನ್ನೋ ಅವನು ಚೀಟಿಯಲ್ಲಿ ಬರೆದುಕೊಟ್ಟ, ಕಲ್ಲುಕುಟಿಗ ಆ ಚೀಟಿ ನೋಡಿ ಕೆತ್ತಿದ. ಈ ಎರಡು ಹಂತಗಳಲ್ಲಿ ಎಲ್ಲಿ ಬೇಕಾದರೂ ತಪ್ಪು ನುಸುಳಬಹುದು. ಕೆತ್ತಿದ ಮೇಲೆ ಗೊತ್ತಾದ ತಪ್ಪನ್ನು ತಿದ್ದುವುದು ದುಬಾರಿ, ಹಾಗಾಗಿ ಎಷ್ಟೋ ತಪ್ಪುಗಳು ಹಾಗೇ ಉಳಿದಿವೆ.

ಇನ್ನೊಂದು ವಿಷಯ, ಕಲ್ಲು ನಿಂತದ್ದು ಯಾವಾಗ ಎಂಬುದು. ಸಾವಾದ ಆರು ತಿಂಗಳಿಗೆ ನಿಂತ ಕಲ್ಲಿಗೂ, ನಲವತ್ತು ವರ್ಷದ ನಂತರ ಮೊಮ್ಮಕ್ಕಳು ದುಡ್ಡು ಸೇರಿಸಿ ನಿಲ್ಲಿಸಿದ ಕಲ್ಲಿಗೂ ಸಾಕ್ಷಿಯ ತೂಕ ಒಂದೇ ಅಲ್ಲ. ಒಂದೇ ಕಲ್ಲಿನಲ್ಲಿ ಅಜ್ಜ, ಅಜ್ಜಿ, ಮೂವರು ಮಕ್ಕಳ ಹೆಸರು ಒಂದೇ ಕೈಬರಹದಲ್ಲಿ, ಒಂದೇ ಆಳದಲ್ಲಿ ಕೆತ್ತಿದ್ದರೆ ಅವೆಲ್ಲ ಒಂದೇ ದಿನ ಕೆತ್ತಿದವು. ಎಂದರೆ ಕೊನೆಯ ಸಾವಿನ ನಂತರ. ಮೊದಲ ಹೆಸರು 1810ರದ್ದು, ಕೊನೆಯದು 1871ರದ್ದಾಗಿದ್ದರೆ ಮೊದಲ ಹೆಸರಿನ ವಿವರ ಅರವತ್ತು ವರ್ಷ ಹಳೆಯ ನೆನಪು ಎಂದೇ ಓದಬೇಕು. ಬೇರೆ ಬೇರೆ ಆಳ, ಬೇರೆ ಬೇರೆ ಅಕ್ಷರಶೈಲಿ ಕಂಡರೆ ಆಯಾ ಕಾಲಕ್ಕೆ ಸೇರಿಸುತ್ತಾ ಬಂದದ್ದು, ಅದು ಹೆಚ್ಚು ಗಟ್ಟಿ.

ಹೆಸರಿದೆ ಎಂದರೆ ಆ ವ್ಯಕ್ತಿಯನ್ನು ಅಲ್ಲೇ ಹೂಳಿದ್ದಾರೆಂದೇ?

ಹಾಗೇನಿಲ್ಲ. ಸಮುದ್ರದಲ್ಲಿ ಕಳೆದುಹೋದವರು, ಯುದ್ಧದಲ್ಲಿ ಸತ್ತವರು, ದೂರದೇಶದಲ್ಲಿ ತೀರಿಕೊಂಡವರ ಹೆಸರನ್ನು ಮನೆಯವರ ಕಲ್ಲಿಗೆ ಸೇರಿಸುವುದು ಸಾಮಾನ್ಯ. “ನೆನಪಿಗಾಗಿ” ಎಂಬ ಒಕ್ಕಣೆಗೂ “ಇಲ್ಲಿ ವಿಶ್ರಮಿಸಿದ್ದಾರೆ” ಎಂಬ ಒಕ್ಕಣೆಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಗಂಡ ಸತ್ತಾಗ ಹೆಂಡತಿಯ ಹೆಸರು, ಹುಟ್ಟಿದ ಇಸವಿ ಕೆತ್ತಿಸಿ ಸಾವಿನ ಜಾಗ ಖಾಲಿ ಬಿಟ್ಟಿರುವುದೂ ಉಂಟು. ಆಕೆ ಮರುಮದುವೆಯಾಗಿ ಬೇರೆ ಹೆಸರಿನಲ್ಲಿ ಬೇರೆ ಕಡೆ ಮಣ್ಣಾಗಿರಬಹುದು.

ಹೊರಡುವ ಮುಂಚೆ ಏನು ಸಿದ್ಧತೆ ಬೇಕು?

ಮೊದಲು ಸ್ಮಶಾನದ ಆಡಳಿತ ಯಾರದ್ದು ಎಂದು ತಿಳಿದುಕೊಳ್ಳಿ: ಸ್ಥಳೀಯ ಆಡಳಿತವೇ, ಧಾರ್ಮಿಕ ಸಂಸ್ಥೆಯೇ, ಖಾಸಗಿ ಟ್ರಸ್ಟೇ. ಅವರಿಂದ ಫೋಟೊ ತೆಗೆಯಲು ಅನುಮತಿ, ಸಾಲು ಮತ್ತು ನಿವೇಶನ ಸಂಖ್ಯೆಗಳಿರುವ ನಕ್ಷೆ, ಹೂಳಿದವರ ರಿಜಿಸ್ಟರ್ ಈ ಮೂರನ್ನು ಕೇಳಿ. ಹಿಂದೆ ಯಾರಾದರೂ ಆ ಸ್ಮಶಾನದ ಕಲ್ಲುಗಳನ್ನು ಓದಿ ಪಟ್ಟಿ ಮಾಡಿದ್ದಾರೆಯೇ ಎಂದು ಹತ್ತಿರದ ಗ್ರಂಥಾಲಯದಲ್ಲಿ, ಇತಿಹಾಸ ಸಂಘದಲ್ಲಿ ವಿಚಾರಿಸಿ. ಎಪ್ಪತ್ತು ವರ್ಷ ಹಿಂದಿನ ಪಟ್ಟಿಯಲ್ಲಿ ಇವತ್ತು ಅಳಿಸಿಹೋಗಿರುವ ಸಾಲುಗಳು ಇರುತ್ತವೆ, ಆದ್ದರಿಂದ ಹಳೆಯ ಪಟ್ಟಿ ಸಿಕ್ಕರೆ ಅದು ಚಿನ್ನ.

ಜೊತೆಗೆ ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಕ್ಯಾಮೆರಾ ಅಥವಾ ಒಳ್ಳೆಯ ಫೋನ್, ಹೆಚ್ಚುವರಿ ಬ್ಯಾಟರಿ, ಪ್ರಖರವಾದ ಎಲ್‌ಇಡಿ ಟಾರ್ಚ್, ಕಪ್ಪು ಬಟ್ಟೆ, ಬಾಗಿಲಿಗೆ ಹಾಕುವ ಉದ್ದನೆಯ ಹಗುರ ಕನ್ನಡಿ, ಅಳತೆ ಟೇಪು, ಪೆನ್ಸಿಲ್ಲು, ದಪ್ಪ ರಟ್ಟಿನ ಪುಸ್ತಕ, ಮೊಣಕಾಲಿಗೆ ಹಾಸುವ ದಿಂಬು, ಕಲ್ಲಿನ ಬುಡದ ಹುಲ್ಲನ್ನು ಕೈಯಿಂದ ಸರಿಸಲು ಕೈಗವಸು. ಕತ್ತಿ, ಗುದ್ದಲಿ ಬೇಡ. ವಾಲಿದ ಕಲ್ಲಿಗೆ ಒರಗಬೇಡಿ, ಅದರ ಮುಂದೆ ಕೂರಲೂಬೇಡಿ. ಮೂರಡಿ ಎತ್ತರದ ಕಲ್ಲೂ ನೂರಾರು ಕಿಲೊ ತೂಗುತ್ತದೆ.

ಒಂದು ಕಲ್ಲನ್ನು ಪೂರ್ತಿಯಾಗಿ ದಾಖಲಿಸುವುದು ಹೇಗೆ?

ದೂರದಿಂದ ಶುರುಮಾಡಿ ಹತ್ತಿರಕ್ಕೆ ಬನ್ನಿ. ಅಕ್ಕಪಕ್ಕದ ಗೋರಿಗಳೊಂದಿಗೆ ಒಂದು ಚಿತ್ರ, ಪೂರ್ತಿ ಕಲ್ಲಿನದು ನೇರವಾಗಿ ಎದುರಿನಿಂದ ಒಂದು, ಬರಹದ ಭಾಗ ತುಂಡುತುಂಡಾಗಿ, ಆಮೇಲೆ ಹಿಂಬದಿ, ಎರಡು ಪಕ್ಕ, ತಲೆ, ಬುಡ. ಬುಡದಲ್ಲಿ ಕೆತ್ತಿದವರ ಹೆಸರು, ಊರು ಸಣ್ಣಕ್ಷರದಲ್ಲಿ ಇರಬಹುದು. ಆ ಕಾರ್ಖಾನೆಯ ಲೆಕ್ಕಪುಸ್ತಕ ಉಳಿದಿದ್ದರೆ ಕಲ್ಲಿಗೆ ದುಡ್ಡು ಕೊಟ್ಟವರ ಹೆಸರು ಅಲ್ಲಿ ಸಿಗುತ್ತದೆ. ಕಾಲಿನ ಕಡೆ ಬರೀ ಇನಿಷಿಯಲ್ ಇರುವ ಪುಟ್ಟ ಕಲ್ಲೊಂದು ಇದ್ದರೆ ಅದನ್ನೂ ಬಿಡಬೇಡಿ.

ಬರೆದುಕೊಳ್ಳುವಾಗ ಒಂದೇ ನಿಯಮ: ಕಂಡದ್ದನ್ನು ಕಂಡಂತೆ. ಕಲ್ಲಿನಲ್ಲಿ ಸಾಲು ಮುರಿದ ಕಡೆ ಓರೆಗೆರೆ ಹಾಕಿ. ಕಾಗುಣಿತದ ತಪ್ಪನ್ನು ತಿದ್ದಬೇಡಿ. ಅನುಮಾನದ ಅಕ್ಷರವನ್ನು ಚೌಕ ಕಂಸದಲ್ಲಿಡಿ, ಓದಲಾಗದ ಅಕ್ಷರ ಎಷ್ಟಿರಬಹುದೋ ಅಷ್ಟು ಚುಕ್ಕಿ ಇಡಿ. “18[3]7” ಎಂದು ಬರೆದರೆ ಮುಂದೆ ಓದುವವರು ಎಚ್ಚರವಾಗಿರುತ್ತಾರೆ, “1837” ಎಂದು ಬರೆದುಬಿಟ್ಟರೆ ನಿಮ್ಮ ಊಹೆಯೇ ಸತ್ಯವಾಗಿ ಹತ್ತು ವಂಶವೃಕ್ಷಗಳಿಗೆ ಹಬ್ಬುತ್ತದೆ. ಫೋನಿನ ಜಿಪಿಎಸ್ ಬಯಲಿನಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಅಷ್ಟರೊಳಗೆ ಐದಾರು ಗೋರಿಗಳಿರಬಹುದಾದ್ದರಿಂದ ಸಾಲು ಎಣಿಸಿ ಕೈಯಲ್ಲೇ ಒಂದು ನಕ್ಷೆ ಬರೆದುಕೊಳ್ಳಿ.

ಅಕ್ಷರಗಳು ಸವೆದುಹೋಗಿವೆ, ಓದುವುದು ಹೇಗೆ?

ಸವೆದ ಅಕ್ಷರ ಕಾಣಿಸುವುದು ನೆರಳಿನಿಂದ. ಬೆಳಕು ಎದುರಿನಿಂದ ಬಿದ್ದರೆ ನೆರಳೇ ಇರುವುದಿಲ್ಲ, ಅದಕ್ಕೇ ಫ್ಲ್ಯಾಷ್ ಹಾಕಿ ತೆಗೆದ ಚಿತ್ರದಲ್ಲಿ ಬರೀ ಬಿಳಿ ಕಲ್ಲು ಕಾಣುತ್ತದೆ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು, ಮೈಗೂ ಬೆಳಕಿಗೂ ನಡುವೆ ಐದರಿಂದ ಇಪ್ಪತ್ತು ಡಿಗ್ರಿ ಕೋನ ಸಾಕು. ಕೆತ್ತನೆ ತೆಳುವಾದಷ್ಟೂ ಕೋನ ಕಿರಿದಾಗಬೇಕು.

ಬಿಸಿಲಿದ್ದರೆ ಕನ್ನಡಿ ಸುಲಭ. ಒಬ್ಬರು ಕಲ್ಲಿನ ಪಕ್ಕದಿಂದ ಮೂರು ನಾಲ್ಕು ಮೀಟರ್ ದೂರ ನಿಂತು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಹಾಯಿಸಲಿ, ಇನ್ನೊಬ್ಬರು ಎದುರಿನಿಂದ ಚಿತ್ರ ತೆಗೆಯಲಿ. ಕಲ್ಲಿನ ಮೇಲೆ ನೇರ ಬಿಸಿಲೂ ಬೀಳುತ್ತಿದ್ದರೆ ಕೊಡೆಯನ್ನೋ ಬಟ್ಟೆಯನ್ನೋ ಹಿಡಿದು ಮರೆಮಾಡಬೇಕು, ಇಲ್ಲವಾದರೆ ಎರಡು ಬೆಳಕು ಸೇರಿ ನೆರಳನ್ನು ಅಳಿಸುತ್ತವೆ. ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ಬಿಸಿಲು ತಾಗುವುದೇ ಕಡಿಮೆ, ಅಲ್ಲಿ ಕನ್ನಡಿ ಹೆಚ್ಚು ನೆರವಾಗುತ್ತದೆ. ಮೋಡ ಕವಿದ ದಿನ ಕಲ್ಲಿಗೆ ಕಪ್ಪು ಬಟ್ಟೆ ಮುಚ್ಚಿ ಒಳಗೆ ಟಾರ್ಚ್ ಹಿಡಿಯಿರಿ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನಾಲ್ಕು ಚಿತ್ರ ಬೇಕೇ ಬೇಕು. ಪಕ್ಕದ ಬೆಳಕಿನಲ್ಲಿ ನಿಂತ ಗೆರೆಗಳು ಎದ್ದು ಕಾಣುತ್ತವೆ, ಮೇಲಿನ ಬೆಳಕಿನಲ್ಲಿ ಅಡ್ಡಗೆರೆಗಳು. 1 ಮತ್ತು 7, 3 ಮತ್ತು 8, 5 ಮತ್ತು 6 ಅದಲುಬದಲಾಗುವುದು ಒಂದೇ ದಿಕ್ಕಿನ ಬೆಳಕನ್ನು ನೆಚ್ಚಿಕೊಂಡಾಗ.

ಇಷ್ಟಕ್ಕೂ ಬಗ್ಗದ ಕಲ್ಲಿಗೆ ಎರಡು ವಿಧಾನಗಳಿವೆ. ಒಂದರಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಕಲ್ಲಿನ ಪಕ್ಕ ಹೊಳೆಯುವ ಕಪ್ಪು ಗೋಲಿಯೊಂದನ್ನು ಇಟ್ಟು, ಬೆಳಕನ್ನು ಮಾತ್ರ ಬೇರೆ ಬೇರೆ ದಿಕ್ಕಿನಿಂದ ಬಿಡುತ್ತಾ ಮೂವತ್ತರಿಂದ ಅರವತ್ತು ಚಿತ್ರ ತೆಗೆಯುತ್ತಾರೆ. ಗೋಲಿಯ ಮೇಲಿನ ಮಿನುಗಿನಿಂದ ತಂತ್ರಾಂಶ ಬೆಳಕಿನ ದಿಕ್ಕನ್ನು ಲೆಕ್ಕಹಾಕಿ, ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬೀಳಿಸಿ ನೋಡುವ ಚಿತ್ರ ಕೊಡುತ್ತದೆ. ಇದನ್ನು ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್) ಎನ್ನುತ್ತಾರೆ. ಇನ್ನೊಂದು ಫೋಟೊಗ್ರಾಮೆಟ್ರಿ: ಕಲ್ಲಿನ ಸುತ್ತ ಚಲಿಸುತ್ತಾ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ನಲವತ್ತು ಐವತ್ತು ಚಿತ್ರ ತೆಗೆದು, ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿ ಮಾಡುವುದು. ಆಮೇಲೆ ಬಣ್ಣ ತೆಗೆದು ಬರೀ ಉಬ್ಬುತಗ್ಗು ನೋಡಿದರೆ ಕಲೆ, ಪಾಚಿಯ ಗೊಂದಲ ಕಳೆದು ಅಕ್ಷರ ಏಳುತ್ತದೆ.

ಸೀಸದ ಅಕ್ಷರ ಕೂರಿಸಿದ ಕಲ್ಲುಗಳಲ್ಲಿ ಅಕ್ಷರ ಉದುರಿದರೂ ಅದನ್ನು ಹಿಡಿದಿಟ್ಟಿದ್ದ ಸಣ್ಣ ತೂತುಗಳು ಉಳಿಯುತ್ತವೆ. ಅದೇ ಕಲ್ಲಿನ ಉಳಿದ ಅಕ್ಷರಗಳ ತೂತು ಎಲ್ಲೆಲ್ಲಿವೆ ಎಂದು ಗುರುತಿಸಿಕೊಂಡು ಹೋಲಿಸಿದರೆ ಹೋದ ಅಕ್ಷರವನ್ನು ಬಹಳ ಸಲ ಖಚಿತವಾಗಿ ಹೇಳಬಹುದು.

ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಫೋಮ್ ಹಚ್ಚಿದರೆ ಚೆನ್ನಾಗಿ ಕಾಣುತ್ತದಲ್ಲ?

ಒಂದು ದಿನಕ್ಕೆ ಕಾಣುತ್ತದೆ. ಫೋಮಿನಲ್ಲಿರುವ ಕೊಬ್ಬಿನಾಮ್ಲ ಕಲ್ಲಿನ ರಂಧ್ರಗಳಿಗೆ ಇಳಿದು ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಅಮೃತಶಿಲೆ, ಸುಣ್ಣಕಲ್ಲಿನಂಥವು ಆಮ್ಲಕ್ಕೆ ಕರಗುವ ಕಲ್ಲುಗಳು. ಹಿಟ್ಟು ಬೂಷ್ಟಿಗೆ ಆಹಾರ. ಸೀಮೆಸುಣ್ಣವನ್ನು ತಿಕ್ಕಿದಾಗ ಸಡಿಲಗೊಂಡ ಮೇಲ್ಪದರ ಕಿತ್ತುಬರುತ್ತದೆ. ಕಾಗದ ಹಾಸಿ ಮೇಣದ ಕಡ್ಡಿಯಿಂದ ಉಜ್ಜಿ ಪ್ರತಿ ತೆಗೆಯುವ ಹಳೆಯ ಪದ್ಧತಿಯೂ ಪೊಳ್ಳಾದ, ಪದರ ಏಳುತ್ತಿರುವ ಕಲ್ಲಿಗೆ ಅಪಾಯ, ಹಲವು ಸ್ಮಶಾನಗಳಲ್ಲಿ ಅದಕ್ಕೆ ನಿಷೇಧವಿದೆ. ಓರೆ ಬೆಳಕಿಗೆ ಕಾಣದ್ದು ಇವುಗಳಿಗೂ ಕಾಣುವುದು ಅಪರೂಪ. ದಯವಿಟ್ಟು ಮಾಡಬೇಡಿ.

ಕಲ್ಲನ್ನು ತೊಳೆಯಬಹುದೇ?

ಅನುಮತಿ ಇದ್ದರೆ, ಕಲ್ಲು ಗಟ್ಟಿಯಾಗಿದ್ದರೆ ಮಾತ್ರ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಡೊಳ್ಳು ಸದ್ದು ಬಂದರೆ, ಕೈ ಸವರಿದಾಗ ಸಕ್ಕರೆಯಂಥ ಹರಳು ಉದುರಿದರೆ, ಅಂಚಿನಲ್ಲಿ ಪದರ ಬಿಟ್ಟಿದ್ದರೆ ಮುಟ್ಟಲೇಬೇಡಿ.

ಗಟ್ಟಿ ಕಲ್ಲಿಗೆ ಶುದ್ಧ ನೀರು ಮತ್ತು ಮೆತ್ತನೆಯ ಕೂದಲಿನ ಬ್ರಶ್ ಸಾಕು. ಮೊದಲು ಕಲ್ಲನ್ನು ಚೆನ್ನಾಗಿ ನೆನೆಸಿ, ಒಣಗಿದ ಕಲ್ಲು ಕೊಳೆನೀರನ್ನೇ ಹೀರಿಕೊಳ್ಳುತ್ತದೆ. ಕೆಳಗಿನಿಂದ ಮೇಲಕ್ಕೆ ತೊಳೆಯಿರಿ, ಮೇಲಿನಿಂದ ಶುರುಮಾಡಿದರೆ ಇಳಿಯುವ ಕೊಳೆ ಗೆರೆಯಾಗಿ ಕೂರುತ್ತದೆ. ಪಾಚಿಯ ದಪ್ಪ ಪದರಕ್ಕೆ ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಸಲಾಕೆ. ಕೊನೆಗೆ ಧಾರಾಳವಾಗಿ ನೀರು ಸುರಿಯಿರಿ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಬೇಡ, ರಂಧ್ರದೊಳಗಿನ ನೀರು ಮಂಜಾಗಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ತಂತಿ ಬ್ರಶ್, ಒತ್ತಡದ ನೀರು, ವಿನೆಗರ್, ಆಸಿಡ್, ಬ್ಲೀಚ್ ಯಾವತ್ತೂ ಕೂಡದು. ಬ್ಲೀಚು ಬಿಟ್ಟುಹೋಗುವ ಉಪ್ಪು ಒಳಗೇ ಹರಳುಗಟ್ಟಿ ಮೇಲ್ಮೈಯನ್ನು ಒಳಗಿನಿಂದ ಒಡೆಯುತ್ತದೆ. ಇವತ್ತು ಬೆಳ್ಳಗಾದ ಕಲ್ಲು ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ.

ಕಲ್ಲುಹೂವು ಬೇರೆಯದೇ ಸಂಗತಿ. ಅದರ ಎಳೆಗಳು ಕಲ್ಲಿನೊಳಗೆ ಇಳಿದಿರುತ್ತವೆ, ಕೆರೆದರೆ ಅಕ್ಷರವೂ ಜೊತೆಗೆ ಬರುತ್ತದೆ. ಅದನ್ನು ಬಿಟ್ಟು ಸುತ್ತ ಓದಿಕೊಳ್ಳಿ.

ಕಲ್ಲು ನೋಡಿ ಅದು ಮೂಲದ್ದೋ ಆಮೇಲೆ ಹಾಕಿದ್ದೋ ಹೇಳಬಹುದೇ?

ಬಹುಪಾಲು ಹೇಳಬಹುದು. ಸ್ಲೇಟು ಕಲ್ಲಿನಲ್ಲಿ ಮುನ್ನೂರು ವರ್ಷದ ಅಕ್ಷರವೂ ನಿನ್ನೆ ಕೆತ್ತಿದಂತೆ ಉಳಿದಿರುತ್ತದೆ. ಮರಳುಗಲ್ಲು ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ. ಅಮೃತಶಿಲೆಯನ್ನು ಕಲ್ಲಿದ್ದಲ ಹೊಗೆ ಬೆರೆತ ಆಮ್ಲ ಮಳೆ ಕರಗಿಸುತ್ತದೆ, ಅದಕ್ಕೇ 19ನೇ ಶತಮಾನದ ಅಮೃತಶಿಲೆ 18ನೇ ಶತಮಾನದ ಸ್ಲೇಟಿಗಿಂತ ಹೆಚ್ಚು ಸವೆದಿರುವುದು ಸಾಮಾನ್ಯ. ನುಣುಪಾಗಿ ಹೊಳೆಯುವ ಗ್ರಾನೈಟು ಯಂತ್ರಗಳು ಬಂದ ಮೇಲೆ, 19ನೇ ಶತಮಾನದ ಉತ್ತರಾರ್ಧದಲ್ಲಿ, ವ್ಯಾಪಕವಾಯಿತು. ಹಾಗಾಗಿ ಹೊಳೆಯುವ ಗ್ರಾನೈಟಿನ ಮೇಲೆ 1790ರ ಸಾವು ಕಂಡರೆ ಅದು ವಂಶಸ್ಥರು ಮರಳಿ ಹಾಕಿಸಿದ ಕಲ್ಲು. ಹಳೆಯದನ್ನು ನೋಡಿ ನಕಲು ಮಾಡಿದರೋ ನೆನಪಿನಿಂದ ಬರೆಸಿದರೋ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದಲ್ಲಿ ನೀಲಿ ಬೂದು ಬಣ್ಣದ, ತಟ್ಟಿದರೆ ಟೊಳ್ಳು ಸದ್ದು ಮಾಡುವ ಸ್ಮಾರಕ ಕಂಡರೆ ಅದು ಕಲ್ಲಲ್ಲ, ಸತು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಕೇಂದ್ರವಾಗಿ 1870ರ ದಶಕದಿಂದ 1914ರವರೆಗೆ ಎರಕ ಹೊಯ್ದ ಇವುಗಳನ್ನು “ಬಿಳಿ ಕಂಚು” ಎಂದು ಕರೆದು ಮಾರುತ್ತಿದ್ದರು. ಇವುಗಳ ಅಕ್ಷರ ಇಂದಿಗೂ ಚೂಪಾಗಿದೆ.

ವಯಸ್ಸು ಮಾತ್ರ ಕೊಟ್ಟಿದ್ದಾರೆ. ಹುಟ್ಟಿದ ದಿನ ಲೆಕ್ಕಹಾಕುವುದು ಹೇಗೆ?

“6 ಮೇ 1889ರಂದು ನಿಧನ, ವಯಸ್ಸು 71 ವರ್ಷ 7 ತಿಂಗಳು 9 ದಿನ” ಎಂದಿದೆ ಎಂದುಕೊಳ್ಳಿ. ದಿನದಿಂದ ಶುರುಮಾಡಿ. 6ರಲ್ಲಿ 9 ಹೋಗದು, ಒಂದು ತಿಂಗಳು ಕಡ ತಂದರೆ 36. ಅದರಲ್ಲಿ 9 ಕಳೆದರೆ 27. ಮೇ ಈಗ 4 ಆಯಿತು, 4ರಲ್ಲಿ 7 ಹೋಗದು, ಒಂದು ವರ್ಷ ಕಡ ತಂದರೆ 16. ಅದರಲ್ಲಿ 7 ಕಳೆದರೆ 9. ಉಳಿದ 1888ರಲ್ಲಿ 71 ಕಳೆದರೆ 1817. ಹುಟ್ಟಿದ್ದು 27 ಸೆಪ್ಟೆಂಬರ್ 1817. ಕಡ ತಂದ ತಿಂಗಳು ಮೂವತ್ತೊಂದು ದಿನದ್ದೋ ಫೆಬ್ರುವರಿಯೋ ಆಗಿದ್ದರೆ ಉತ್ತರ ಒಂದೆರಡು ದಿನ ಆಚೀಚೆ ಆಗುತ್ತದೆ. ಆದ್ದರಿಂದ ಹೀಗೆ ಸಿಕ್ಕ ದಿನಾಂಕದ ಪಕ್ಕ “ಲೆಕ್ಕದಿಂದ” ಎಂದು ಗುರುತು ಹಾಕಿಕೊಳ್ಳಿ.

ಇಲ್ಲಿ ಎಡವುವುದು ಹೆಚ್ಚಾಗಿ “ವಯಸ್ಸಿನ 45ನೇ ವರ್ಷದಲ್ಲಿ” ಎಂಬ ಒಕ್ಕಣೆಯಲ್ಲಿ. ಹಾಗೆಂದರೆ ತುಂಬಿದ್ದು 44. ಲ್ಯಾಟಿನ್ ಕಲ್ಲುಗಳಲ್ಲಿ “ಆನ್ನೊ ಎಟಾಟಿಸ್” ಎಂದು ಬರುವುದೂ ಇದೇ. ಚೀನೀ ಸಾಂಪ್ರದಾಯಿಕ ಲೆಕ್ಕದಲ್ಲಿ ಮಗು ಹುಟ್ಟಿದಾಗಲೇ ಒಂದು, ಪ್ರತಿ ಹೊಸ ವರ್ಷಕ್ಕೆ ಇನ್ನೊಂದು. ನಮ್ಮ ಎಣಿಕೆಗಿಂತ ಒಂದೋ ಎರಡೋ ಹೆಚ್ಚಿರುತ್ತದೆ. ಇಸ್ಲಾಮಿಕ್ ಪಂಚಾಂಗದ ಹಿಜರಿ ವರ್ಷ ಸುಮಾರು 354 ದಿನದ್ದು, ಅದರ 33 ವರ್ಷ ಸೌರಮಾನದ 32ಕ್ಕೆ ಸಮ. 66 ಎಂದು ಕೆತ್ತಿದ್ದರೆ 64 ಎಂದು ಹಿಡಿಯಬೇಕು. ವಯಸ್ಸುಗಳು 60, 70, 80 ಎಂದು ಗುಂಡಾಗಿದ್ದರೆ ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ ಎಂದೇ ಭಾವಿಸಿ.

“1731/2” ಎಂದು ಎರಡು ಇಸವಿ ಕೆತ್ತಿದ್ದಾರೆ. ಯಾವುದು ಸರಿ?

ಎರಡೂ. ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳು ಹಳೆಯ ಲೆಕ್ಕದಲ್ಲಿ 1731, ಈಗಿನ ಲೆಕ್ಕದಲ್ಲಿ 1732. ಒಂದೇ ಇಸವಿ ಕೆತ್ತಿದ ಕಲ್ಲಿನಲ್ಲಿ ಮಗು 1731ರ ನವೆಂಬರಿನಲ್ಲಿ ಹುಟ್ಟಿ 1731ರ ಫೆಬ್ರುವರಿಯಲ್ಲಿ ಸತ್ತಿತೆಂದು ಕಂಡರೆ ಅದು ತಪ್ಪಲ್ಲ, ಮೂರು ತಿಂಗಳ ಕೂಸು ಅದು. ಸ್ಕಾಟ್ಲೆಂಡ್ 1600ರಲ್ಲೇ ಜನವರಿ 1ಕ್ಕೆ ಬದಲಾಗಿತ್ತು. ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಈಗಿನ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಾಗ ಕೆಲವು ದಿನಗಳನ್ನೇ ಹಾರಿಸಿದರು: 1752ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ 2ನೇ ತಾರೀಖಿನ ಮರುದಿನ 14. ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರುವರಿ 14. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಬಳಸುತ್ತಿದ್ದರು. 1752ಕ್ಕೆ ಮುಂಚಿನ ಅವರ “ಮೂರನೇ ತಿಂಗಳು” ಮೇ.

ಹೀಬ್ರೂ ಕಲ್ಲುಗಳಲ್ಲಿ ಇಸವಿಯನ್ನು ಅಕ್ಷರಗಳಲ್ಲಿ ಬರೆದು ಸಾವಿರದ ಸ್ಥಾನವನ್ನು ಬಿಟ್ಟಿರುತ್ತಾರೆ. ಹೀಬ್ರೂವಿನ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ, ಆ ಬೆಲೆಗಳ ಮೊತ್ತಕ್ಕೆ 1240 ಕೂಡಿಸಿ: 660 ಬಂದರೆ 1900. ಅವರ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದರಿಂದ ಡಿಸೆಂಬರ್‌ವರೆಗಿನ ಸಾವಿಗೆ ಒಂದು ಕಡಿಮೆ ಮಾಡಬೇಕು. ದಿನ ಶುರುವಾಗುವುದು ಸೂರ್ಯಾಸ್ತಕ್ಕಾದ್ದರಿಂದ ಸರ್ಕಾರಿ ದಾಖಲೆಗೂ ಕಲ್ಲಿಗೂ ಒಂದು ದಿನದ ವ್ಯತ್ಯಾಸ ಬರಬಹುದು. ಹಿಜರಿ ಇಸವಿಗೆ 0.97ರಿಂದ ಗುಣಿಸಿ 622 ಕೂಡಿಸಿದರೆ ಒಂದು ವರ್ಷ ಆಚೀಚೆಗೆ ಸಿಗುತ್ತದೆ. ಹಿಜರಿ 1300 ಶುರುವಾದದ್ದು 1882ರ ನವೆಂಬರಿನಲ್ಲಿ.

ಒಂದೇ ಮನೆತನ, ಆದರೆ ತಲೆಮಾರಿನಿಂದ ತಲೆಮಾರಿಗೆ ಅಡ್ಡಹೆಸರು ಬದಲಾಗುತ್ತಿದೆ. ಏಕೆ?

ಸ್ಥಿರವಾದ ಅಡ್ಡಹೆಸರು ಎಲ್ಲ ಕಡೆ ಹಳೆಯದಲ್ಲ. ಹಾಬ್ಸ್‌ಬರ್ಗ್ ಸಾಮ್ರಾಜ್ಯದ ಯಹೂದಿಗಳಿಗೆ 1787ರ ರಾಜಾಜ್ಞೆಯಿಂದ, ನೆದರ್ಲೆಂಡ್ಸ್‌ನಲ್ಲಿ ನೆಪೋಲಿಯನ್ನನ 1811ರ ಆಜ್ಞೆಯಿಂದ, ಜಪಾನಿನಲ್ಲಿ 1875ರಲ್ಲಿ, ಟರ್ಕಿಯಲ್ಲಿ 1934ರ ಕಾನೂನಿನಿಂದ ಅದು ಕಡ್ಡಾಯವಾಯಿತು. ನಾರ್ವೆಯಲ್ಲಿ 1923ರಲ್ಲಿ. ಸ್ಕ್ಯಾಂಡಿನೇವಿಯಾದ ಹಳ್ಳಿಗಳಲ್ಲಿ ಅದಕ್ಕೆ ಮುಂಚೆ ಆಂಡರ್ಸ್‌ನ ಮಗ ಆಂಡರ್ಸನ್, ಅವನ ಮಗ ಓಲಾಫ್ ಆದರೆ ಮೊಮ್ಮಗ ಓಲ್ಸನ್. ಐಸ್‌ಲೆಂಡ್‌ನಲ್ಲಿ ಇಂದಿಗೂ ಹೀಗೇ. ಆದ್ದರಿಂದ ಆಯಾ ದೇಶದಲ್ಲಿ ಹೆಸರು ಗಟ್ಟಿಯಾದ ಇಸವಿಯನ್ನು ಮೊದಲು ತಿಳಿದುಕೊಂಡು, ಅದಕ್ಕೆ ಹಿಂದಿನ ಕಲ್ಲುಗಳಲ್ಲಿ ಅಡ್ಡಹೆಸರನ್ನು ಹುಡುಕುವುದನ್ನು ಬಿಟ್ಟು ತಂದೆಯ ಹೆಸರನ್ನೂ ಜಮೀನಿನ ಹೆಸರನ್ನೂ ಹುಡುಕಿ.

ಅರೇಬಿಕ್ ಕಲ್ಲಿನಲ್ಲಿ “ಬಿನ್” (ಮಗ), “ಬಿಂತ್” (ಮಗಳು) ಹಿಡಿದು ಹೋದರೆ ಮೂರು ನಾಲ್ಕು ತಲೆಮಾರು ಒಂದೇ ಸಾಲಿನಲ್ಲಿ ಸಿಗಬಹುದು. ಯಹೂದಿ ಕಲ್ಲುಗಳಲ್ಲಿ ಸಾಮಾನ್ಯವಾಗಿ ತಂದೆಯ ಹೆಸರು ಇದ್ದೇ ಇರುತ್ತದೆ. ಅಡ್ಡಹೆಸರು ಬೇರೆಯಾದರೂ ಇದೊಂದೇ ಕೊಂಡಿಯಿಂದ ಎರಡು ಶಾಖೆ ಸೇರಿಸಬಹುದು. ಚೀನೀ ಕಲ್ಲುಗಳಲ್ಲಿ ಮೂಲ ಊರಿನ ಹೆಸರು ಕೆತ್ತಿರುತ್ತಾರೆ, ಪಕ್ಕದಲ್ಲಿ ಕಲ್ಲು ನಿಲ್ಲಿಸಿದ ಮಕ್ಕಳು ಮೊಮ್ಮಕ್ಕಳ ಹೆಸರು. ವಲಸೆ ಹೋದ ಕುಟುಂಬದ ಹಳ್ಳಿ ಯಾವುದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಬಹಳ ಸಲ ಇರುವುದಿಲ್ಲ.

ಕಾಗುಣಿತದ ವಿಷಯಕ್ಕೆ ಬಂದರೆ, ಒಂದೇ ಸಾಲಿನ ಗೋರಿಗಳಲ್ಲಿ ಒಂದೇ ಹೆಸರು ಮೂರು ರೀತಿ ಇದ್ದರೆ ಮೂರು ಮನೆತನ ಎಂದುಕೊಳ್ಳಬೇಡಿ. ಓದುಬರಹ ಕಡಿಮೆಯಿದ್ದ ಕಾಲದಲ್ಲಿ ಹೆಸರು ಎಂದರೆ ಉಚ್ಚಾರಣೆ.

ಹೆಂಗಸರ ತವರುಮನೆಯ ಹೆಸರು ಕಲ್ಲಿನಿಂದ ಸಿಗುತ್ತದೆಯೇ?

ಇಂಗ್ಲೆಂಡಿನ ಕಲ್ಲಿನಲ್ಲಿ ಬಹಳ ಸಲ ಇರುವುದೇ ಇಲ್ಲ, ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಮದುವೆಯಾದವಳ ಹುಟ್ಟುಹೆಸರನ್ನೇ ಅಲ್ಲಿ ಕೆತ್ತುವ ರೂಢಿ. ಜರ್ಮನ್ ಕಲ್ಲಿನಲ್ಲಿ “ಗೆಬ್.”, ಫ್ರೆಂಚಿನಲ್ಲಿ “ನೇ”, ಪೋಲಿಷ್‌ನಲ್ಲಿ “ಜ್ ದೋಮು” ಎಂಬುದರ ಮುಂದೆ ಬರುವುದು ತವರಿನ ಹೆಸರು. ಲಿಥುವೇನಿಯಾದಲ್ಲಿ ಹೆಸರಿನ ಕೊನೆಯೇ ಹೇಳುತ್ತದೆ: “ಇಯೆನೆ” ಎಂದು ಮುಗಿದರೆ ಮದುವೆಯಾದವಳು, “ಐತೆ”, “ಉತೆ”, “ಇತೆ” ಎಂದಿದ್ದರೆ ಮಗಳು. ಹಳೆಯ ಇಂಗ್ಲಿಷ್ ಕಲ್ಲಿನಲ್ಲಿ “ಕನ್ಸಾರ್ಟ್” ಎಂದಿದ್ದರೆ ಆಕೆ ಗಂಡನಿಗಿಂತ ಮುಂಚೆ ತೀರಿಕೊಂಡವಳು, “ರೆಲಿಕ್ಟ್” ಎಂದಿದ್ದರೆ ವಿಧವೆ. ಈ ಒಂದು ಪದದಿಂದ ಗಂಡನ ಸಾವಿನ ದಾಖಲೆಯನ್ನು ಯಾವ ವರ್ಷದ ಆಚೆಗೋ ಈಚೆಗೋ ಹುಡುಕಬೇಕೆಂದು ಗೊತ್ತಾಗಿಬಿಡುತ್ತದೆ. ಏನೂ ಇಲ್ಲದಿದ್ದರೆ ಪಕ್ಕದ ಗೋರಿಗಳನ್ನು, ಮಕ್ಕಳ ನಡುಹೆಸರನ್ನು ನೋಡಿ, ತವರಿನ ಹೆಸರು ಅಲ್ಲಿ ಅಡಗಿರುವುದು ಎಷ್ಟೋ ಸಲ.

ಒಂದೇ ಹೆಸರಿನ ಇಬ್ಬರು, ಒಬ್ಬರಿಗೆ ಸೀನಿಯರ್, ಇನ್ನೊಬ್ಬರಿಗೆ ಜೂನಿಯರ್. ಅಪ್ಪ ಮಗ ತಾನೆ?

ಹಳೆಯ ಕಲ್ಲಿನಲ್ಲಿ ಹಾಗೆಂದು ಹೇಳಲಾಗದು. ಒಂದೇ ಊರಿನಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯ ಎಂದಷ್ಟೇ ಅರ್ಥ. ಚಿಕ್ಕಪ್ಪ ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಹಿರಿಯರು ಸತ್ತ ಮೇಲೆ ಜೂನಿಯರ್ ಸೀನಿಯರ್ ಆಗುತ್ತಿದ್ದರು. ಸತ್ತ ಮಗುವಿನ ಹೆಸರನ್ನೇ ನಂತರ ಹುಟ್ಟಿದ ಮಗುವಿಗೆ ಇಡುವುದೂ ಅನೇಕ ಕಡೆ ಇತ್ತು. ಮೂರು ವರ್ಷಕ್ಕೆ ಸತ್ತವನ ಹುಟ್ಟಿದ ದಿನಾಂಕವನ್ನು ಎಂಬತ್ತು ವರ್ಷ ಬದುಕಿದ ತಮ್ಮನಿಗೆ ಅಂಟಿಸಿದ ವಂಶವೃಕ್ಷಗಳು ಬೇಕಾದಷ್ಟಿವೆ.

ಚಿಹ್ನೆಗಳಿಗೆ ಅರ್ಥ ಹುಡುಕಬೇಕೇ?

ದಾಖಲೆಯತ್ತ ಕರೆದೊಯ್ಯುವ ಚಿಹ್ನೆಗಳನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಬೆರಳು ಅಗಲಿಸಿದ ಜೋಡಿ ಕೈಗಳು ಯಹೂದಿ ಕಲ್ಲಿನಲ್ಲಿ ಕೊಹೆನ್ ಪುರೋಹಿತ ವಂಶವನ್ನು, ನೀರಿನ ಹೂಜಿ ಲೇವಿ ವಂಶವನ್ನು ಸೂಚಿಸುತ್ತವೆ. ಎರಡೂ ತಂದೆಯಿಂದ ಮಗನಿಗೆ ಬರುವಂಥವು, ವಂಶಾವಳಿಗೆ ನೇರ ಸಾಕ್ಷಿ. ಮೂಲೆಮಟ್ಟ ಮತ್ತು ಕೈವಾರ ಫ್ರೀಮೇಸನ್‌ರದ್ದು, ಮೂರು ಕೊಂಡಿಯ ಸರಪಳಿ ಆಡ್ ಫೆಲೋಸ್ ಸಂಘದ್ದು. ಅವುಗಳ ಸದಸ್ಯತ್ವ ಪುಸ್ತಕದಲ್ಲಿ ವಯಸ್ಸು, ಕಸುಬು, ಊರು ಸಿಗಬಹುದು. ಲಂಗರು ಕಂಡಾಕ್ಷಣ ನಾವಿಕ ಎನ್ನಬೇಡಿ, ಕ್ರೈಸ್ತರಲ್ಲಿ ಅದು ಭರವಸೆಯ ಗುರುತೂ ಹೌದು. ಕುರಿಮರಿ ಸಾಮಾನ್ಯವಾಗಿ ಮಗುವಿನ ಗೋರಿ. ಉಳಿದ ಹೂವು ಬಳ್ಳಿಗಳನ್ನು ಕುಟುಂಬ ಬಹಳ ಸಲ ಮಾದರಿಪುಸ್ತಕ ನೋಡಿ ಆರಿಸಿದ್ದು.

ಸೈನಿಕರ ಕಲ್ಲಿನಿಂದ ಏನು ಸಿಗುತ್ತದೆ?

ಸೇವಾಸಂಖ್ಯೆ, ಅದೇ ಮುಖ್ಯ. 1917ರಲ್ಲಿ ಸ್ಥಾಪನೆಯಾದ, ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎಂದು ಕರೆಯಲಾಗುವ ಸಂಸ್ಥೆಯ ಕಲ್ಲುಗಳಲ್ಲಿ ರೆಜಿಮೆಂಟಿನ ಲಾಂಛನ, ಸಂಖ್ಯೆ, ದರ್ಜೆ, ಹೆಸರು, ದಳ, ಸಾವಿನ ದಿನ, ಗೊತ್ತಿದ್ದರೆ ವಯಸ್ಸು ಇರುತ್ತವೆ. ಬುಡದಲ್ಲಿ ಮನೆಯವರು ಆರಿಸಿದ, 66 ಅಕ್ಷರಕ್ಕೆ ಮೀರದ ಒಂದು ಸಾಲು. ನ್ಯೂಜಿಲೆಂಡ್ ಸರ್ಕಾರ ಆ ಸಾಲಿಗೆ ಮೊದಲ ಮಹಾಯುದ್ಧದಲ್ಲಿ ಅವಕಾಶ ಕೊಡಲಿಲ್ಲ, ಆದ್ದರಿಂದ ಅಲ್ಲಿನ ಸೈನಿಕರ ಕಲ್ಲು ಖಾಲಿಯಿದ್ದರೆ ಮನೆಯವರು ಇರಲಿಲ್ಲ ಎಂದಲ್ಲ. ಆಯೋಗದ ಆನ್‌ಲೈನ್ ದಾಖಲೆಯಲ್ಲಿ ತಂದೆತಾಯಿಯ ಹೆಸರು, ವಿಳಾಸವೂ ಕೆಲವೊಮ್ಮೆ ಸಿಗುತ್ತದೆ. ಅಮೆರಿಕದ ಅಂತರ್ಯುದ್ಧದ ಸರ್ಕಾರಿ ಕಲ್ಲುಗಳಲ್ಲಿ ತಗ್ಗಾದ ಗುರಾಣಿಯೊಳಗೆ ಹೆಸರಿದ್ದರೆ ಒಕ್ಕೂಟದ ಪಕ್ಷ, ತಲೆ ಚೂಪಾಗಿದ್ದರೆ ದಕ್ಷಿಣದ ಪಕ್ಷ.

ಕಲ್ಲೇ ಇಲ್ಲ. ಹುಡುಕಾಟ ಮುಗಿಯಿತೇ?

ಇಲ್ಲ. ಬಡವರಿಗೆ ಕಲ್ಲೇ ಇರುತ್ತಿರಲಿಲ್ಲ, ಮರದ ಗುರುತು ಕೊಳೆತುಹೋಗುತ್ತಿತ್ತು. ಜರ್ಮನಿಯಂಥ ದೇಶಗಳಲ್ಲಿ ಗೋರಿಯ ಜಾಗ ಇಪ್ಪತ್ತು ಮೂವತ್ತು ವರ್ಷಕ್ಕೆ ಬಾಡಿಗೆ, ಅವಧಿ ಮುಗಿದು ನವೀಕರಿಸದಿದ್ದರೆ ಕಲ್ಲನ್ನು ತೆಗೆದು ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಕೆಲವು ಕಡೆ ಹಳೆಯ ಕಲ್ಲುಗಳನ್ನು ಎತ್ತಿ ಕಾಂಪೌಂಡ್ ಗೋಡೆಗೆ ಒರಗಿಸಿದ್ದಾರೆ, ಹಾದಿಗೆ ಹಾಸಿದ್ದಾರೆ. ಅಂಥ ಕಲ್ಲು ಸಿಕ್ಕರೆ ಅದರ ಪಕ್ಕದ ಕಲ್ಲು ಸಂಬಂಧಿಕರದ್ದೆಂದು ಭಾವಿಸುವ ಹಾಗಿಲ್ಲ. ಹೂಳಿದವರ ರಿಜಿಸ್ಟರಿನಲ್ಲಿ ನಿವೇಶನ ಸಂಖ್ಯೆ, ಜಾಗ ಕೊಂಡವರ ಹೆಸರು ಇರುತ್ತದೆ. ಕೊಂಡವರೇ ಬಹಳ ಸಲ ಅಳಿಯ, ಭಾವಮೈದ, ಸೋದರಮಾವ. ಬಿದ್ದು ಮಣ್ಣು ಮುಚ್ಚಿದ ಕಲ್ಲಿನ ಅನುಮಾನ ಬಂದರೆ ನೀವೇ ಅಗೆಯಬೇಡಿ, ಆಡಳಿತಕ್ಕೆ ತಿಳಿಸಿ.

ನಮ್ಮವರ ಕಲ್ಲು ಸಿಕ್ಕಿತು. ಸುತ್ತಲಿನದ್ದನ್ನೂ ಓದಬೇಕೇ?

ಓದಲೇಬೇಕು. ನಾವು ಅತ್ಯಂತ ಒತ್ತಿ ಹೇಳುವ ಮಾತು ಇದು. ಒಂದೇ ನಿವೇಶನದಲ್ಲಿ ಬೇರೆ ಅಡ್ಡಹೆಸರಿನ ಗೋರಿಯಿದ್ದರೆ ಅದು ಮದುವೆಯಾದ ಮಗಳೋ, ಹೆಂಡತಿಯ ತಾಯಿಯೋ, ಮರುಮದುವೆಯ ಗಂಡನೋ ಆಗಿರುವ ಸಾಧ್ಯತೆ ಹೆಚ್ಚು. ಎಡ ಬಲ ಹಿಂದೆ ಮುಂದೆ ಎರಡೆರಡು ಸಾಲು ಪೂರ್ತಿ ಚಿತ್ರ ತೆಗೆದುಕೊಳ್ಳಿ. ಇವತ್ತು ಆ ಹೆಸರುಗಳು ಅಪರಿಚಿತ, ಆರು ತಿಂಗಳ ನಂತರ ಒಂದು ಮದುವೆ ದಾಖಲೆಯಲ್ಲಿ ಸಾಕ್ಷಿಯಾಗಿ ಅದೇ ಹೆಸರು ಬರುತ್ತದೆ.

ಆನ್‌ಲೈನಿನಲ್ಲಿ ಎಲ್ಲವೂ ಸಿಗುತ್ತದಲ್ಲ, ಅಲ್ಲಿಗೆ ಹೋಗುವ ಅಗತ್ಯವೇನು?

1995ರಲ್ಲಿ ಶುರುವಾದ ಫೈಂಡ್ ಎ ಗ್ರೇವ್, 2011ರ ಬಿಲಿಯನ್‌ಗ್ರೇವ್ಸ್, ಯಹೂದಿ ಸ್ಮಶಾನಗಳಿಗಾಗಿ ಜ್ಯೂಯಿಶ್‌ಜೆನ್‌ನ ಪಟ್ಟಿ ಇವೆಲ್ಲ ದೊಡ್ಡ ಸಹಾಯ. ಬಿಲಿಯನ್‌ಗ್ರೇವ್ಸ್ ಚಿತ್ರಕ್ಕೆ ಸ್ಥಳವನ್ನೂ ಜೋಡಿಸುತ್ತದೆ. ಆದರೆ ಅಲ್ಲಿ ಚಿತ್ರ ಬೇರೆ, ಸದಸ್ಯರು ಸೇರಿಸಿದ ಮಾತು ಬೇರೆ. ತಂದೆತಾಯಿಯ ಕೊಂಡಿ, ಹುಟ್ಟಿದ ಊರು, ಜೀವನಚರಿತ್ರೆ ಕಲ್ಲಿನಿಂದ ಬಂದವಲ್ಲ. ಕಲ್ಲಿನ ಚಿತ್ರವೇ ಇಲ್ಲದ ಪುಟವನ್ನು ಸುಳಿವು ಎಂದಷ್ಟೇ ಬಳಸಿ. ಚಿತ್ರವಿದ್ದರೆ ಪಕ್ಕದ ಅಕ್ಷರರೂಪ ನೋಡದೆ ನೀವೇ ಮೊದಲು ಓದಿ, ಆಮೇಲೆ ಹೋಲಿಸಿ. ಎದುರಿನ ಓದು ಮೊದಲೇ ಕಣ್ಣಿಗೆ ಬಿದ್ದರೆ ಸವೆದ 3 ಕೂಡ 8 ಆಗಿಯೇ ಕಾಣುತ್ತದೆ.

ಕಲ್ಲಿನಿಂದ ಮುಂದೆ ಯಾವ ದಾಖಲೆಗೆ ಹೋಗಬೇಕು?

ಸಾವಿನ ದಿನ, ಊರು ಕೈಯಲ್ಲಿದ್ದರೆ ಸರ್ಕಾರಿ ಮರಣ ನೋಂದಣಿ ಮೊದಲು. ಅದು ಫ್ರಾನ್ಸಿನಲ್ಲಿ 1792ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈಯಿಂದ, ಸ್ಕಾಟ್ಲೆಂಡಿನಲ್ಲಿ 1855ರಿಂದ, ಐರ್ಲೆಂಡಿನಲ್ಲಿ 1864ರಿಂದ ಇದೆ. ಸ್ಕಾಟ್ಲೆಂಡಿನ ಮರಣಪತ್ರದಲ್ಲಿ ತಂದೆತಾಯಿ ಇಬ್ಬರ ಹೆಸರು, ತಾಯಿಯ ತವರಿನ ಹೆಸರೂ ಇರುತ್ತದೆ. ಇಂಗ್ಲೆಂಡಿನ ಹಳೆಯ ಮರಣಪತ್ರದಲ್ಲಿ ಅದು ಇರುವುದಿಲ್ಲ. ಅದಕ್ಕಿಂತ ಹಿಂದಕ್ಕೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು. ಆಮೇಲೆ ಉಯಿಲು, ಜಮೀನು ಪತ್ರ, ಸಾವಿನ ವಾರದ ಪತ್ರಿಕೆ. ಕಲ್ಲಿಗೂ ದಾಖಲೆಗೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಟ್ಟು, ಯಾವುದನ್ನು ಏಕೆ ಒಪ್ಪಿದಿರಿ ಎಂದು ಒಂದು ಸಾಲು ಸೇರಿಸಿ. ಒಪ್ಪದ್ದನ್ನು ಅಳಿಸಬೇಡಿ.

ತೆಗೆದ ಚಿತ್ರಗಳನ್ನೆಲ್ಲ ಹಂಚಿಕೊಳ್ಳಬಹುದೇ?

ಹಳೆಯ ಕಲ್ಲುಗಳದ್ದನ್ನು ಹಂಚಿಕೊಳ್ಳಿ, ಇನ್ನೊಂದು ಕುಟುಂಬಕ್ಕೆ ಅದು ಬೇಕಾಗಿರುತ್ತದೆ. ಇತ್ತೀಚಿನ ಗೋರಿ, ಮಕ್ಕಳ ಗೋರಿ, ಬದುಕಿರುವ ಸಂಗಾತಿಯ ಹೆಸರು ಮತ್ತು ಹುಟ್ಟಿದ ದಿನಾಂಕ ಕೆತ್ತಿದ ಕಲ್ಲು ಇವುಗಳನ್ನು ಮನೆಯವರನ್ನು ಕೇಳದೆ ಹಾಕಬೇಡಿ. ಕಡತದ ಹೆಸರಿನಲ್ಲೇ ಸ್ಮಶಾನ, ಸಾಲು, ನಿವೇಶನ ಸಂಖ್ಯೆ, ತೆಗೆದ ದಿನಾಂಕ ಇರಲಿ. ಒಂದು ಪ್ರತಿಯನ್ನು ಸ್ಮಶಾನದ ಆಡಳಿತಕ್ಕೂ ಕೊಡಿ, ಅವರ ರಿಜಿಸ್ಟರಿನಲ್ಲಿ ಬಿಟ್ಟುಹೋದ ಹೆಸರು ನಿಮ್ಮ ಚಿತ್ರದಲ್ಲಿರಬಹುದು.